ಆಟದ ಮೇಜು: ಗಂಟೆ ಎಲ್ಲಿ ಕಟ್ಟುತ್ತೀರಿ?



ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರಿಗೆ ಈ ತಿಂಗಳು ಒಂದು ಪ್ರಶ್ನೆ. ನಿಮ್ಮ ತಂಡ ಕಾಡಿನಲ್ಲಿ ಮಲಗಿದೆ. ನಿಮ್ಮ ಮಾಂತ್ರಿಕ ಇನ್ನೂ ಮೊದಲ ಲೆವೆಲ್‌ನವನು. ನಿದ್ದೆಯಲ್ಲಿದ್ದಾಗ ಗಾಬ್ಲಿನ್ ಒಂದು ಪಕ್ಕಕ್ಕೇ ಬಂದು ಕತ್ತಿ ಬೀಸಿದರೆ ಅವನ ಕಥೆ ಮುಗಿಯಬಹುದು. ಕೈಯಲ್ಲಿ ಅಲಾರ್ಮ್ ಮಂತ್ರವಿದೆ. ಎಲ್ಲಿ ಹಾಕುತ್ತೀರಿ?

"ನಮ್ಮ ಸುತ್ತಲೇ" ಅಂದಿರಾ? ಸ್ವಲ್ಪ ತಾಳಿ, ಮೊದಲು ನಿಯಮ ನೋಡೋಣ.

2014ರ ನಿಯಮಗಳ ಪ್ರಕಾರ ಅಲಾರ್ಮ್ ಒಂದು ಬಾಗಿಲನ್ನೋ ಕಿಟಕಿಯನ್ನೋ, ಇಲ್ಲವೇ ಉದ್ದ, ಅಗಲ, ಎತ್ತರ 20 ಅಡಿ ಮೀರದ ಜಾಗವನ್ನೋ 8 ಗಂಟೆ ಕಾಯುತ್ತದೆ. ಬೇಕಾಗುವುದು ಒಂದು ಪುಟ್ಟ ಗಂಟೆ, ಒಂದು ತುಂಡು ಬೆಳ್ಳಿ ತಂತಿ. ರಿಚುವಲ್ ಆಗಿ ಮಾಡಿದರೆ 11 ನಿಮಿಷ ಹಿಡಿಯುತ್ತದೆ, ಆದರೆ ಸ್ಪೆಲ್ ಸ್ಲಾಟ್ ಖರ್ಚಾಗುವುದಿಲ್ಲ. ಯಾರು ಬಂದರೆ ಅದು ಸುಮ್ಮನಿರಬೇಕು ಎಂದು ಮೊದಲೇ ಹೇಳಿಬಿಡಬೇಕು. ಇಲಿ ಬಂದರೂ ಅದು ಎಚ್ಚರಿಸುತ್ತದೆ! "ಇಲಿಗಳನ್ನು ಬಿಡಬಹುದಾ?" ಎಂದು ಡಂಜನ್ ಮಾಸ್ಟರ್‌ನ ಆಗಲೇ ಕೇಳಿಕೊಳ್ಳಿ.

ಮುಖ್ಯ ವಿಷಯ ಇದು: ಅಲಾರ್ಮ್ ಯಾರನ್ನೂ ತಡೆಯುವುದಿಲ್ಲ. ನಾವೆಲ್ಲ ಕೇಳಿದ ಕಥೆಯ ಲಕ್ಷ್ಮಣರೇಖೆ ರಾವಣನನ್ನು ಆಚೆ ನಿಲ್ಲಿಸಿತು. ಆದರೆ ಸೀತೆ ಅದನ್ನು ದಾಟಿದಾಗ ದೂರದಲ್ಲಿದ್ದ ಲಕ್ಷ್ಮಣನಿಗೆ ಸುದ್ದಿ ಮುಟ್ಟಲಿಲ್ಲ. ಅಲಾರ್ಮ್ ಇದಕ್ಕೆ ತಿರುಗುಮುರುಗು. ಬಂದವರನ್ನು ಒಳಗೆ ಬಿಡುತ್ತದೆ, ಸುದ್ದಿ ಮಾತ್ರ ಕೊಡುತ್ತದೆ. ಅಂದರೆ ಅದು ನಿಮಗೆ ಕೊಡುವುದು ಗೋಡೆಯಲ್ಲ, ಸಮಯ.

ಈಗ ಲೆಕ್ಕ ಹಾಕಿ. ನಿಮ್ಮ ಸುತ್ತಲೇ ಹಾಕಿದರೆ, ಗಂಟೆ ಬಾರಿಸುವ ಹೊತ್ತಿಗೆ ಗಾಬ್ಲಿನ್ 10 ಅಡಿ ದೂರದಲ್ಲಿರುತ್ತದೆ. ಆಚೆ ಮರದ ಮೇಲೆ ಕೂತು ಬಾಣ ಬಿಟ್ಟರಂತೂ ಗಂಟೆ ಬಾರಿಸುವುದೇ ಇಲ್ಲ, ಏಕೆಂದರೆ ಒಳಗೆ ಬಂದದ್ದು ಬಾಣ, ಪ್ರಾಣಿಯಲ್ಲ.

ಅದರ ಬದಲು ಕಾಲುದಾರಿಯಲ್ಲಿ 300 ಅಡಿ ನಡೆದುಹೋಗಿ, ಅಲ್ಲಿ ಹಾಕಿ ಬನ್ನಿ. ಶಬ್ದದ ಗಂಟೆ 60 ಅಡಿಯವರೆಗೆ ಮಾತ್ರ ಕೇಳಿಸುತ್ತದೆ, ಮತ್ತು ಶತ್ರುವಿಗೂ ಕೇಳಿಸುತ್ತದೆ. ಹಾಗಾಗಿ ಮನಸ್ಸಿನೊಳಗೆ ಬಾರಿಸುವ ಗಂಟೆಯನ್ನೇ ಆರಿಸಿ. 1 ಮೈಲಿಯೊಳಗೆ ಎಲ್ಲಿ ಮಲಗಿದ್ದರೂ ಅದು ಮಾಂತ್ರಿಕನನ್ನು ಎಬ್ಬಿಸುತ್ತದೆ. ಗಾಬ್ಲಿನ್ 6 ಸೆಕೆಂಡಿನ ಒಂದು ಸುತ್ತಿನಲ್ಲಿ 30 ಅಡಿ ನಡೆಯುತ್ತದೆ. ನಿಮಗೆ ಸಿಕ್ಕಿದ್ದು 10 ಸುತ್ತು! ಓಡಿ ಬಂದರೂ 5. ಸದ್ದಿಲ್ಲದೆ ಎಲ್ಲರನ್ನೂ ಎಬ್ಬಿಸಿ, ಮರದ ಹಿಂದೆ ಅಡಗಲು ಅಷ್ಟು ಸಾಕು.

ಎರಡು ದಾರಿ ಇದ್ದರೆ? ಇನ್ನೊಂದು 11 ನಿಮಿಷ ಕೊಟ್ಟು ಎರಡನೆಯದನ್ನೂ ಹಾಕಿ. ಊಟ ಮುಗಿಸಿ, ಮಲಗುವ ಮುಂಚೆ ಹಾಕುವುದನ್ನು ಮರೆಯಬೇಡಿ. ಬೇಗ ಹಾಕಿದರೆ ಬೆಳಗಿನ ಜಾವಕ್ಕೆ ಕಾವಲು ಇರುವುದಿಲ್ಲ.

ಡಂಜನ್ ಮಾಸ್ಟರ್ ಆಗಿರುವವರಿಗೂ ಒಂದು ಮಾತು: ಇಷ್ಟು ಯೋಚಿಸಿ ಗಂಟೆ ಕಟ್ಟಿದವರ ಸಮಯವನ್ನು ಕಿತ್ತುಕೊಳ್ಳಬೇಡಿ. ಕಾವಲಿಗೆ ಬೆಲೆ ಇಲ್ಲ ಅನ್ನಿಸಿದರೆ ಮುಂದಿನ ಸಲ ಯಾರೂ ಯೋಚಿಸುವುದಿಲ್ಲ, ಬರೀ ಡೈಸ್ ಉರುಳಿಸುತ್ತಾರೆ.

ಮುಂದಿನ ತಿಂಗಳು ಸಿಡಿಯುವ ಕಾವಲು, ಗ್ಲಿಫ್ ಆಫ್ ವಾರ್ಡಿಂಗ್ ಬಗ್ಗೆ. ಅಲ್ಲಿಯವರೆಗೆ ನಿಮ್ಮ ನಕ್ಷೆ ತೆಗೆದು ನೋಡಿ: ಶತ್ರು ಬರುವುದು ಯಾವ ದಾರಿಯಿಂದ?