ಸಣ್ಣ ಹಕ್ಕಿಗಳೆಲ್ಲ ಗುಬ್ಬಚ್ಚಿಯಲ್ಲ

‘ನಿಮ್ಮ ಮನೆಯ ಸುತ್ತಮುತ್ತ ಕಾಣುವ ಐದು ಹಕ್ಕಿಗಳ ಹೆಸರು ಬರೆಯಿರಿ.’ ಪರಿಸರ ಅಧ್ಯಯನದಲ್ಲಿ ಇಂಥ ಚಟುವಟಿಕೆ ಇಲ್ಲದ ವರ್ಷವಿಲ್ಲ. ಮಕ್ಕಳ ಉತ್ತರವೂ ಹೆಚ್ಚುಕಡಿಮೆ ಒಂದೇ: ಕಾಗೆ, ಗುಬ್ಬಚ್ಚಿ, ಪಾರಿವಾಳ, ಗಿಳಿ, ಕೋಗಿಲೆ. ಬಸವನಗುಡಿಯ ಶಾಲೆಯಾಗಲಿ, ಮಲ್ಲೇಶ್ವರದ್ದಾಗಲಿ, ಚಾಮರಾಜಪೇಟೆಯದಾಗಲಿ, ಪಟ್ಟಿ ಬದಲಾಗುವುದಿಲ್ಲ. ನಾವು ರೈಟ್ ಮಾರ್ಕ್ ಹಾಕಿ ಸಹಿ ಮಾಡುತ್ತೇವೆ. ಈ ಪಟ್ಟಿ ಬರೆಯಲು ಎಷ್ಟು ಮಕ್ಕಳು ನಿಜವಾಗಿ ಹೊರಗೆ ನೋಡಿದರು ಎಂದು ಕೇಳುವುದಿಲ್ಲ.

ನನ್ನ ತಕರಾರು ಮುಖ್ಯವಾಗಿ ಪಟ್ಟಿಯ ಎರಡನೆಯ ಹೆಸರಿನ ಬಗ್ಗೆ. ಬೆಂಗಳೂರಿನ ಈ ಹಳೆಯ ಬಡಾವಣೆಗಳಲ್ಲಿ ಗುಬ್ಬಚ್ಚಿ ಹಿಂದಿನಂತೆ ಕಾಣಸಿಗುವುದಿಲ್ಲ. ಆದರೂ ಅದು ಪ್ರತಿ ಮಗುವಿನ ಪುಸ್ತಕದಲ್ಲಿದೆ. ಇದಕ್ಕೆ ಎರಡು ಕಾರಣಗಳಿವೆ. ಒಂದು, ಮಗು ಪದ್ಯ, ಕಥೆ, ಪಾಠಗಳಲ್ಲಿ ಕೇಳಿದ ಹೆಸರನ್ನು ಬರೆಯುತ್ತದೆ. ಇನ್ನೊಂದು, ಸಣ್ಣದಾಗಿ ಕಂದುಬಣ್ಣಕ್ಕಿದ್ದು ಪುರ‍್ರೆಂದು ಹಾರಿದ ಹಕ್ಕಿಯೆಲ್ಲ ಅದಕ್ಕೆ ಗುಬ್ಬಚ್ಚಿಯೇ. ದಾಸವಾಳದ ಹೂವಿಗೆ ಬಂದ ಸೂರಕ್ಕಿ, ನಿಂಬೆಗಿಡದೊಳಗೆ ಬಾಲ ಎತ್ತಿಕೊಂಡು ಕೂಗುವ ಟುವ್ವಿಹಕ್ಕಿ, ಹುಲ್ಲಿನ ತೆನೆಗೆ ಜೋತುಬಿದ್ದ ರಾಟವಾಳ, ಎಲ್ಲವೂ ‘ಗುಬ್ಬಚ್ಚಿ’.

ಹೆಸರು ತಪ್ಪಿದರೆ ಏನಾಯಿತು, ಹಕ್ಕಿ ನೋಡಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಸಾಲದು. ಇಲ್ಲದ ಹಕ್ಕಿಯನ್ನು ಇದೆ ಎಂದು ಬರೆಯುತ್ತಾ ಹೋದರೆ ಅದು ಊರು ಬಿಟ್ಟದ್ದೇ ಯಾರಿಗೂ ತಿಳಿಯುವುದಿಲ್ಲ. ಇರುವ ಹಕ್ಕಿಗೆ ಬೇರೆ ಹೆಸರಿಟ್ಟರೆ ಅದು ಇದ್ದದ್ದೂ ತಿಳಿಯುವುದಿಲ್ಲ.

ಮಕ್ಕಳ ಎಣಿಕೆ ತೋರಿಸಿದ ಸತ್ಯ

ಬ್ರಿಟನ್ನಿನ ಪಕ್ಷಿ ಸಂರಕ್ಷಣಾ ಸಂಸ್ಥೆಯಾದ ಆರ್‌ಎಸ್‌ಪಿಬಿ 1979ರಲ್ಲಿ ತನ್ನ ಬಾಲಸದಸ್ಯರಿಗಾಗಿ ಒಂದು ಸರಳ ಚಟುವಟಿಕೆ ಆರಂಭಿಸಿತು. ಜನವರಿಯ ಚಳಿಯಲ್ಲಿ ಒಂದು ಗಂಟೆ ಕಾಲ ಮನೆಯ ತೋಟಕ್ಕೆ ಬರುವ ಹಕ್ಕಿಗಳನ್ನು ಗುರುತಿಸಿ ಎಣಿಸುವುದು, ಅಷ್ಟೇ. ಮುಂದೆ ದೊಡ್ಡವರೂ ಸೇರಿಕೊಂಡರು. ವರ್ಷ ವರ್ಷದ ಲೆಕ್ಕವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಅಲ್ಲಿನ ತೋಟಗಳ ಗುಬ್ಬಚ್ಚಿ 1979ರಿಂದೀಚೆಗೆ ಅರ್ಧಕ್ಕಿಂತ ಹೆಚ್ಚು ಕುಸಿದಿರುವುದು ಕಂಡುಬಂತು.

ನಮ್ಮಲ್ಲಿಯೂ ಹೀಗೇ ಆಗಿದೆ. ಸಾಮಾನ್ಯ ಪಕ್ಷಿವೀಕ್ಷಕರು ಬರೆದಿಟ್ಟ ಪಟ್ಟಿಗಳನ್ನು ಒಟ್ಟುಗೂಡಿಸಿ 2020ರಲ್ಲಿ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿ ಪ್ರಕಟವಾಯಿತು. ಒಟ್ಟು ದೇಶದಲ್ಲಿ ಗುಬ್ಬಚ್ಚಿಯ ಸಂಖ್ಯೆ ಹೆಚ್ಚು ಬದಲಾಗಿಲ್ಲ, ಆದರೆ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಅದು ಇಳಿಮುಖವಾಗಿದೆ ಎಂದು ಆ ವರದಿ ಹೇಳಿತು. ‘ಗುಬ್ಬಚ್ಚಿ ನಾಶವಾಯಿತು’ ಎಂಬ ಕೂಗೂ ಪೂರ್ತಿ ಸರಿಯಲ್ಲ, ‘ಎಲ್ಲೆಡೆ ಇದೆ’ ಎಂಬ ಸಮಾಧಾನವೂ ಸರಿಯಲ್ಲ. ಸರಿಯಾಗಿ ಗುರುತಿಸಿ ಎಣಿಸಿದವರಿಂದಲೇ ಈ ವ್ಯತ್ಯಾಸ ತಿಳಿಯಿತು.

ಕಾರಣಗಳ ವಿಷಯದಲ್ಲೂ ಎಚ್ಚರ ಬೇಕು. ಮೊಬೈಲ್ ಗೋಪುರವೇ ಕಾರಣ ಎಂದು ನಮ್ಮ ಮಕ್ಕಳು ಭಾಷಣ ಸ್ಪರ್ಧೆಯಲ್ಲಿ ಖಚಿತವಾಗಿ ಹೇಳುತ್ತಾರೆ. ಅದಕ್ಕೆ ಗಟ್ಟಿ ಆಧಾರ ಸಿಕ್ಕಿಲ್ಲ. ಸುತ್ತ ನೋಡಿದರೆ ಕಾಣುವ ಸಂಗತಿಗಳು ಬೇರೆ ಇವೆ. 1898ರ ಪ್ಲೇಗಿನ ನಂತರ ಗಾಳಿ ಬೆಳಕಿಗೆ ಅವಕಾಶವಿರುವಂತೆ ಯೋಜಿಸಿದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಹೆಂಚಿನ ಮನೆ, ಹಿತ್ತಲು, ಬಾವಿಕಟ್ಟೆ ಇದ್ದವು. ಹೆಂಚಿನ ಸಂದಿನಲ್ಲಿ ಗುಬ್ಬಚ್ಚಿ ಗೂಡು ಕಟ್ಟುತ್ತಿತ್ತು. ಆ ಜಾಗಗಳಲ್ಲಿ ಈಗ ಕಾಂಕ್ರೀಟ್ ಮತ್ತು ಗಾಜಿನ ಕಟ್ಟಡಗಳು ಎದ್ದಿವೆ. ಗುಬ್ಬಚ್ಚಿ ಕಾಳು ತಿನ್ನುವ ಹಕ್ಕಿಯಾದರೂ ಮರಿಗಳಿಗೆ ಹುಳುಹುಪ್ಪಟೆ ತಂದು ಉಣಿಸುತ್ತದೆ. ಮಣ್ಣು, ಗಿಡ ಇಲ್ಲದ ಕಡೆ ಹುಳು ಎಲ್ಲಿಂದ ಬರಬೇಕು?

ಹೆಸರಿಗಿಂತ ಮೊದಲು ಲಕ್ಷಣ

ಹಕ್ಕಿಗಳನ್ನು ನೋಡಲು ನಮ್ಮ ಶಾಲೆಗಳಿಗೆ ದುರ್ಬೀನು ಬೇಡ. ಬಿಸಿಯೂಟದ ನಂತರ ತಟ್ಟೆ ತೊಳೆಯುವ ಜಾಗವೇ ಒಳ್ಳೆಯ ವೀಕ್ಷಣಾಲಯ. ಅಲ್ಲಿ ಬೀಳುವ ಅಗುಳಿಗೆ ಕಾಗೆ, ಗೊರವಂಕ, ಪಾರಿವಾಳ ತಪ್ಪದೆ ಬರುತ್ತವೆ. ಜೊತೆಗೆ ನೆರಳಿನಲ್ಲಿ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಟ್ಟರೆ ಪಿಕಳಾರವೂ ಬಂದೀತು. ಹಕ್ಕಿ ಬಂದಾಗ ಮಕ್ಕಳಿಂದ ಈ ಕ್ರಮದಲ್ಲಿ ಉತ್ತರ ಪಡೆಯಿರಿ:

1. ಗಾತ್ರ: ಕಾಗೆಯಷ್ಟೇ, ಗೊರವಂಕದಷ್ಟೇ, ಅದಕ್ಕೂ ಚಿಕ್ಕದೇ?
2. ಕೊಕ್ಕು: ದಪ್ಪವೇ, ತೆಳುವೇ, ನೇರವೇ, ಬಾಗಿದೆಯೇ?
3. ನಡೆ: ಹೆಜ್ಜೆ ಹಾಕುತ್ತದೆಯೇ, ಕುಪ್ಪಳಿಸುತ್ತದೆಯೇ? ಬಾಲ ಎತ್ತುತ್ತದೆಯೇ?
4. ಆಹಾರ: ಏನನ್ನು ತಿಂದಿತು, ಎಲ್ಲಿ ಕುಳಿತು ತಿಂದಿತು?
5. ಬಣ್ಣ: ತಲೆ, ಕತ್ತು, ಹೊಟ್ಟೆ, ಬಾಲದ ಬುಡ ಬೇರೆ ಬೇರೆಯಾಗಿ ಯಾವ ಬಣ್ಣ?

ಹೆಸರು ಇದೆಲ್ಲದರ ನಂತರ. ಬಣ್ಣವನ್ನು ಕೊನೆಯಲ್ಲಿ ಇಟ್ಟಿರುವುದಕ್ಕೆ ಕಾರಣವಿದೆ. ನೆರಳಿನಲ್ಲಿ ಬಣ್ಣ ಮೋಸ ಮಾಡುತ್ತದೆ, ಕೊಕ್ಕಿನ ಆಕಾರ ಅಷ್ಟು ಸುಲಭವಾಗಿ ಮೋಸ ಮಾಡುವುದಿಲ್ಲ. ಸೂರಕ್ಕಿಯ ಕೊಕ್ಕು ತೆಳುವಾಗಿ ಬಾಗಿದೆ. ಟುವ್ವಿಹಕ್ಕಿಯದು ತೆಳು, ಹೆಚ್ಚುಕಡಿಮೆ ನೇರ. ಇವೆರಡನ್ನೂ ಗುಬ್ಬಚ್ಚಿಯ ಪಟ್ಟಿಯಿಂದ ತೆಗೆಯಲು ಅಷ್ಟೇ ಸಾಕು. ಚುಕ್ಕೆ ರಾಟವಾಳದ್ದು ಮಾತ್ರ ಗುಬ್ಬಚ್ಚಿಯಂತೆಯೇ ದಪ್ಪ ಕೊಕ್ಕು. ಅದರ ತಲೆ, ಬೆನ್ನು ಗಾಢ ಕಂದು, ಎದೆಯ ಮೇಲೆ ಮೀನಿನ ಹುರುಪೆಯಂಥ ಗುರುತುಗಳಿರುತ್ತವೆ. ಗಂಡು ಗುಬ್ಬಚ್ಚಿಗೆ ಬೂದು ನೆತ್ತಿ, ಗಂಟಲಲ್ಲಿ ಕಪ್ಪು ಮಚ್ಚೆ. ಹೆಣ್ಣಿಗೆ ಇವೆರಡೂ ಇಲ್ಲ, ಕಣ್ಣಿನ ಹಿಂದೆ ತಿಳಿಬಣ್ಣದ ಒಂದು ಪಟ್ಟೆ ಇರುತ್ತದೆ.

ಒಂದೇ ಗುರುತನ್ನು ನಂಬಿದರೆ ಹೇಗೆ ಎಡವುತ್ತೇವೆ ಎಂಬುದಕ್ಕೆ ಪಿಕಳಾರ ಒಳ್ಳೆಯ ಪಾಠ. ಬಾಲದ ಬುಡದಲ್ಲಿ ಕೆಂಪು ಕಂಡಿತೆಂದು ತೀರ್ಮಾನಿಸಿದರೆ ಕೆಟ್ಟಿರಿ, ನಮ್ಮ ತೋಟಗಳಿಗೆ ಬರುವ ಎರಡು ಬಗೆಯ ಪಿಕಳಾರಗಳಿಗೂ ಅಲ್ಲಿ ಕೆಂಪಿದೆ. ನೆಟ್ಟಗೆ ನಿಂತ ಚೂಪು ಜುಟ್ಟು, ಬಿಳಿ ಕೆನ್ನೆ, ಕಣ್ಣಿನ ಹಿಂದೆ ಕೆಂಪು ಮಚ್ಚೆ ಇದ್ದರೆ ಕೆಮ್ಮೀಸೆ ಪಿಕಳಾರ. ತಲೆಯೆಲ್ಲ ಕಪ್ಪಾಗಿ ಜುಟ್ಟು ಗಿಡ್ಡವಾಗಿದ್ದರೆ ಇನ್ನೊಂದು. ತಿಥಿಯ ದಿನ ನಾವು ಅನ್ನವಿಟ್ಟು ಕರೆಯುವ ಕಾಗೆಯಲ್ಲೂ ಎರಡು ಬಗೆ: ಕತ್ತು ಬೂದಾಗಿದ್ದರೆ ಊರುಕಾಗೆ, ಪೂರ್ತಿ ಕಪ್ಪಾಗಿ ಕೊಕ್ಕು ದಪ್ಪಗಿದ್ದರೆ ಕಾಡುಕಾಗೆ. ಇನ್ನು ಕೋಗಿಲೆ ಎಂದರೆ ಕಪ್ಪು ಎಂದು ತಿಳಿದ ಮಗುವಿಗೆ, ಕಂದು ಮೈಮೇಲೆ ಬಿಳಿ ಚುಕ್ಕೆಗಳ ಹೆಣ್ಣು ಕೋಗಿಲೆ ಪರಕೀಯ ಹಕ್ಕಿ!

ಸಲೀಂ ಅಲಿಯವರ ಪಕ್ಷಿ ಅಧ್ಯಯನ ಶುರುವಾದದ್ದೂ ಇಂಥ ಅನುಮಾನದಿಂದಲೇ. ಬಾಲ್ಯದಲ್ಲಿ ತಾವು ಹೊಡೆದ ಹಕ್ಕಿ ಗುಬ್ಬಚ್ಚಿಯಂತೆ ಕಂಡರೂ ಅದರ ಗಂಟಲಲ್ಲಿ ಹಳದಿ ಮಚ್ಚೆ ಇತ್ತು. ಇದು ಯಾವ ಹಕ್ಕಿ ಎಂದು ತಿಳಿಯಲು ಅವರು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲು ಹತ್ತಿದರು. ‘ಗುಬ್ಬಚ್ಚಿ’ ಎಂದು ಬರೆದು ಸುಮ್ಮನಾಗಿದ್ದರೆ?

‘ಗೊತ್ತಿಲ್ಲ’ಕ್ಕೂ ಅಂಕ ಕೊಡಿ

‘ನಮಗೇ ಹೆಸರು ಗೊತ್ತಿಲ್ಲ, ಮಕ್ಕಳಿಗೆ ಏನು ಹೇಳಿಕೊಡುವುದು?’ ಎಂದು ಶಿಕ್ಷಕ ಮಿತ್ರರು ಹೇಳುತ್ತಾರೆ. ಇದು ನ್ಯಾಯವಾದ ಮಾತು. ಆದರೆ ಇಲ್ಲಿ ಶಿಕ್ಷಕರು ಹೆಸರು ಹೇಳಬೇಕಾಗಿಲ್ಲ, ಪ್ರಶ್ನೆ ಕೇಳಿದರೆ ಸಾಕು. ಮಗು ಮೂರು ಲಕ್ಷಣ ಬರೆದು, ಪಕ್ಕದಲ್ಲಿ ಒಂದು ಚಿತ್ರ ಬಿಡಿಸಿ, ‘ಹೆಸರು ಗೊತ್ತಿಲ್ಲ’ ಎಂದರೆ ಪೂರ್ಣ ಅಂಕ ಕೊಡಿ. ನೋಡದೆ ಬರೆದ ಸರಿಯಾದ ಹೆಸರಿಗಿಂತ ನೋಡಿ ಬರೆದ ‘ಗೊತ್ತಿಲ್ಲ’ದಲ್ಲಿ ಹೆಚ್ಚು ವಿಜ್ಞಾನವಿದೆ. ಹೆಸರನ್ನು ಆಮೇಲೆ ಪೂರ್ಣಚಂದ್ರ ತೇಜಸ್ವಿಯವರ ‘ಮಿಂಚುಳ್ಳಿ’ಯಂಥ ಪುಸ್ತಕದಲ್ಲಿ ಮಕ್ಕಳೇ ಹುಡುಕಲಿ.

ಹಕ್ಕಿಗಳನ್ನು ಕರೆಯುವ ವಿಧಾನದಲ್ಲೂ ಸ್ವಲ್ಪ ವಿವೇಕ ಬೇಕು. ಚೀಲಗಟ್ಟಲೆ ಕಾಳು ಸುರಿದರೆ ಬರುವುದು ಪಾರಿವಾಳದ ಹಿಂಡು. ಅವು ತುಂಬಿದರೆ ಸಣ್ಣ ಹಕ್ಕಿಗೆ ಜಾಗವಿಲ್ಲ, ಅವುಗಳ ಒಣಗಿದ ಹಿಕ್ಕೆಯ ದೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಒಂದು ಹಿಡಿ ನವಣೆ ಅಥವಾ ಅಕ್ಕಿ ನುಚ್ಚು ಸಾಕು, ಉಪ್ಪು ಖಾರದ ಸಾಂಬಾರನ್ನ ಬೇಡ. ಪಾರಿವಾಳ ಹೆಚ್ಚಿದರೆ ಕಾಳು ನಿಲ್ಲಿಸಿ ನೀರು ಮಾತ್ರ ಇಡಿ. ತಟ್ಟೆಯನ್ನು ದಿನವೂ ತೊಳೆದು ಹೊಸ ನೀರು ಹಾಕಬೇಕು, ಇಲ್ಲವಾದರೆ ಡೆಂಗಿ ಹರಡುವ ಸೊಳ್ಳೆಯನ್ನು ನಾವೇ ಸಾಕಿದಂತೆ. ಆವರಣದಲ್ಲಿ ಜಾಗವಿದ್ದರೆ ಒಂದು ದಾಸವಾಳ, ಒಂದು ಗಸಗಸೆ ಹಣ್ಣಿನ ಮರ ನೆಡಿ. ಯಾವ ತಟ್ಟೆಗೂ ಬಾರದ ಹಕ್ಕಿಗಳು ಅವುಗಳಿಗೆ ಬರುತ್ತವೆ.

ನನ್ನ ಕೋರಿಕೆ ಇಷ್ಟು. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ, ಹದಿನೈದು ನಿಮಿಷ ತರಗತಿಯನ್ನು ಹೊರಗೆ ಕೂರಿಸಿ. ಫೆಬ್ರುವರಿಯಲ್ಲಿ ನಡೆಯುವ, 2013ರಿಂದ ಭಾರತವೂ ಪಾಲ್ಗೊಳ್ಳುತ್ತಿರುವ ಹಿತ್ತಲ ಹಕ್ಕಿಗಳ ಎಣಿಕೆಗೂ ಅಷ್ಟೇ ಹೊತ್ತು ಸಾಕು. ಕಂಡದ್ದನ್ನು ಕಂಡಷ್ಟೇ ಸಂಖ್ಯೆಯಲ್ಲಿ ಬರೆಯಿಸಿ. ಗುಬ್ಬಚ್ಚಿ ಕಾಣದಿದ್ದರೆ ಆ ಸಾಲನ್ನು ಖಾಲಿ ಬಿಡಬೇಡಿ, ‘ಗುಬ್ಬಚ್ಚಿ – 0’ ಎಂದೇ ಬರೆಯಿಸಿ. ಮುಂದೊಂದು ವಾರ ಆ ಸೊನ್ನೆಯ ಜಾಗದಲ್ಲಿ ಎರಡು ಎಂದು ಬರೆಯುವ ಅವಕಾಶ ಸಿಕ್ಕರೆ, ಅದರ ಬೆಲೆ ಆ ಮಕ್ಕಳಿಗೆ ತಿಳಿದಿರುತ್ತದೆ.