ಎಂಜಿನಿಯರಿಂಗ್ ಮೊದಲ ವರ್ಷ: ಪಾಠ ಉಂಟು, ಪರಿಚಯವಿಲ್ಲ

ಪಿಯುಸಿ ಮುಗಿಸಿ, ಸಿಇಟಿ ಬರೆದು, ಸೀಟು ಹಂಚಿಕೆಯ ಸುತ್ತುಗಳನ್ನು ದಾಟಿ ಬಂದ ವಿದ್ಯಾರ್ಥಿಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು (ವಿಟಿಯು) ಮೊದಲ ವರ್ಷದಲ್ಲೇ ಕೆಲವು ಪರಿಚಯ ಪತ್ರಿಕೆಗಳನ್ನು ಇಟ್ಟಿದೆ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ – ನಾಲ್ಕಕ್ಕೂ ಒಂದೊಂದು ಪರಿಚಯ ಪತ್ರಿಕೆ 2022ರ ಪಠ್ಯ ಸ್ಕೀಮ್‌ನಲ್ಲಿ ಇತ್ತು. ವಿದ್ಯಾರ್ಥಿ ತನ್ನ ಶಾಖೆಯ ಬೇಲಿಯಾಚೆಗೂ ಕಣ್ಣು ಹಾಯಿಸಲಿ ಎಂಬುದು ಉದ್ದೇಶ. ಉದ್ದೇಶವನ್ನು ಯಾರೂ ತೆಗಳಲಾರರು. ಆದರೆ ಈ ಪತ್ರಿಕೆಗಳನ್ನು ರೂಪಿಸಿದ ರೀತಿ, ಕಲಿಸುವ ರೀತಿ, ಅಂಕ ಕೊಡುವ ರೀತಿ ಮೂರನ್ನೂ ಒರೆಗೆ ಹಚ್ಚಿದರೆ ಸಿಗುವ ಉತ್ತರ ಒಂದೇ: ಇವು ಸೋತಿವೆ. ತೇಪೆ ಹಚ್ಚಿ ಉಳಿಸಿಕೊಳ್ಳುವ ಸ್ಥಿತಿಯಲ್ಲೂ ಇಲ್ಲ.

ಮೊದಲು ರೂಪವನ್ನೇ ನೋಡೋಣ. ಮೂರು ಕ್ರೆಡಿಟ್, ಐದು ಮಾಡ್ಯೂಲ್, ನಲವತ್ತು ಗಂಟೆ. ಅಷ್ಟೂ ಗಂಟೆ ಬರೀ ಉಪನ್ಯಾಸ. ಪ್ರಯೋಗಾಲಯಕ್ಕೆ ಮೀಸಲಾದ ಒಂದು ಗಂಟೆಯೂ ಇಲ್ಲ. ಮೆಕ್ಯಾನಿಕಲ್ ಪರಿಚಯವನ್ನೇ ತೆಗೆದುಕೊಳ್ಳಿ: ಉಗಿ, ಲೇತ್, ಡ್ರಿಲ್ಲಿಂಗ್, ಮಿಲ್ಲಿಂಗ್, ಸಿಎನ್‌ಸಿ, 3ಡಿ ಪ್ರಿಂಟಿಂಗ್, ಐಸಿ ಎಂಜಿನ್, ವಿದ್ಯುತ್ ವಾಹನ, ವೆಲ್ಡಿಂಗ್, ರೋಬಾಟಿಕ್ಸ್, ಐಒಟಿ ಎಲ್ಲವೂ ಅದರಲ್ಲಿವೆ. ಲೇತ್ ಮುಂದೆ ನಿಂತವನಿಗೆ ಹತ್ತು ನಿಮಿಷದಲ್ಲಿ ತಿಳಿಯುವ ಸಂಗತಿಗಳುಂಟು: ಉಳಿ ಎಷ್ಟು ಆಳಕ್ಕೆ ಇಳಿದರೆ ಲೋಹ ಸುರುಳಿಯಾಗಿ ಬರುತ್ತದೆ, ಎಷ್ಟಾದರೆ ಕಿರುಚುತ್ತದೆ, ಕೂಲೆಂಟ್ ಯಾಕೆ ಬೇಕು. ತರಗತಿಯಲ್ಲಿ ಕುಳಿತವನಿಗೆ ಸಿಗುವುದು ಟರ್ನಿಂಗ್, ಫೇಸಿಂಗ್, ನರ್ಲಿಂಗ್ ಎಂಬ ಹೆಸರುಗಳು ಮತ್ತು ಒಂದೊಂದಕ್ಕೆ ಎರಡು ಸಾಲಿನ ವ್ಯಾಖ್ಯೆ. ಅದೇ ಕಾಲೇಜಿನ ಹಿಂಬದಿಯ ಶೆಡ್ಡಿನಲ್ಲಿ ಲೇತ್ ಇರುತ್ತದೆ. ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿ ನಾಲ್ಕು ವರ್ಷದಲ್ಲಿ ಒಮ್ಮೆಯೂ ಆ ಬಾಗಿಲು ದಾಟದೆ ಪದವಿ ಪಡೆಯಬಹುದು.

ಪರೀಕ್ಷೆಯ ರೀತಿ ಇನ್ನೂ ಬಲವಾದ ಸಾಕ್ಷ್ಯ. ಪ್ರತಿ ಮಾಡ್ಯೂಲಿಗೆ ಎರಡು ಪ್ರಶ್ನೆ. ಯಾವುದಾದರೂ ಒಂದಕ್ಕೆ ಉತ್ತರಿಸಿದರೆ ಸಾಕು. ಮಾಡ್ಯೂಲಿನ ಅರ್ಧವನ್ನು ಕೈಬಿಟ್ಟರೂ ಪೂರ್ಣ ಅಂಕಕ್ಕೆ ದಾರಿಯಿದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಸೋಸಿ ತೆಗೆದ ‘ಪಾಸಿಂಗ್ ಪ್ಯಾಕೇಜ್’ ಪರೀಕ್ಷೆಯ ಹಿಂದಿನ ವಾರ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತದೆ. ಹುಡುಗರನ್ನು ಬೈದು ಫಲವಿಲ್ಲ. ಪರೀಕ್ಷೆ ಏನನ್ನು ಕೇಳುತ್ತದೋ ಅದನ್ನೇ ಅವರು ಓದುತ್ತಾರೆ. 2022ರ ಸ್ಕೀಮ್‌ನಲ್ಲಿ ‘ನಾವೀನ್ಯ ಮತ್ತು ವಿನ್ಯಾಸ ಚಿಂತನೆ’ ಎಂಬ ಒಂದು ಕ್ರೆಡಿಟ್ಟಿನ ಪತ್ರಿಕೆಯೂ ಇತ್ತು. ಅದರ ಅಂತಿಮ ಪರೀಕ್ಷೆ ಬಹು ಆಯ್ಕೆಯ ಪ್ರಶ್ನೆಗಳದ್ದಾಗಿತ್ತು. ಹೊಸದನ್ನು ಯೋಚಿಸುವ ಶಕ್ತಿಯನ್ನು ನಾಲ್ಕರಲ್ಲಿ ಒಂದು ವೃತ್ತಕ್ಕೆ ಮಸಿ ತುಂಬಿಸಿ ಅಳೆಯಲು ಹೊರಟ ವ್ಯವಸ್ಥೆಗೆ ತನ್ನ ಅಸಂಬದ್ಧತೆ ಕಾಣದಿರುವುದೇ ಆತಂಕದ ವಿಷಯ.

ಬೇರೆ ಮಾದರಿ ಇರಲಿಲ್ಲ ಎಂದು ವಿಶ್ವವಿದ್ಯಾಲಯ ಹೇಳುವಂತಿಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) 2018ರಲ್ಲಿ ಹೊರತಂದ ಮಾದರಿ ಪಠ್ಯಕ್ರಮದ ಮೊದಲ ವರ್ಷದಲ್ಲಿ ವರ್ಕ್‌ಶಾಪ್ ಪತ್ರಿಕೆಯೊಂದಿದೆ. ವಾರಕ್ಕೆ ಒಂದು ಗಂಟೆ ಪಾಠ, ನಾಲ್ಕು ಗಂಟೆ ಕೈಕೆಲಸ, ಮೂರು ಕ್ರೆಡಿಟ್. ಕ್ರೆಡಿಟ್ ಅಷ್ಟೇ, ದಾರಿ ಪೂರ್ತಿ ಬೇರೆ. ವಿಟಿಯುವಿನ 2010 ಮತ್ತು 2015ರ ಸ್ಕೀಮ್‌ಗಳಲ್ಲೂ ಎಲ್ಲ ಶಾಖೆಯವರಿಗೂ ವರ್ಕ್‌ಶಾಪ್ ಇತ್ತು: ಫಿಟ್ಟಿಂಗ್, ಶೀಟ್ ಮೆಟಲ್, ವೆಲ್ಡಿಂಗ್. ಆ ಕಾಲವನ್ನು ಹೊಗಳಬೇಕಿಲ್ಲ. ಇನ್‌ಸ್ಟ್ರಕ್ಟರ್ ಅರದಿಂದ ಉಜ್ಜಿಕೊಟ್ಟ ತುಂಡನ್ನೇ ತಮ್ಮದೆಂದು ಒಪ್ಪಿಸಿದವರು, ಸೀನಿಯರ್‌ನ ರೆಕಾರ್ಡ್ ನಕಲಿಳಿಸಿದವರು ಆಗಲೂ ಇದ್ದರು. ಆದರೂ ಅರ ಹಿಡಿದ ಕೈಗೆ ಒಂದು ಮಿಲಿಮೀಟರ್ ಎಂದರೆ ಎಷ್ಟು ಶ್ರಮ ಎಂಬುದು ತಿಳಿಯುತ್ತಿತ್ತು. ಕೆಟ್ಟದಾಗಿ ನಡೆಯುತ್ತಿದ್ದುದನ್ನು ಸರಿಪಡಿಸಬೇಕಿತ್ತು. ಅದನ್ನು ಬಿಟ್ಟು ಕೈಕೆಲಸವನ್ನೇ ಕಡಿಮೆ ಮಾಡಿ ಉಪನ್ಯಾಸ ತುಂಬಿದ್ದು ತಪ್ಪು ನಿರ್ಧಾರ.

ಕಲಿಸುವವರ ಕಥೆಯೂ ಹಿತವಾಗಿಲ್ಲ. ಕಟ್ಟಡ ಕಟ್ಟಿಸಿದ, ಯಂತ್ರ ಬಿಚ್ಚಿದ ಅನುಭವಿಗಳು ಮೊದಲ ವರ್ಷಕ್ಕೆ ಬರಬೇಕು. ಹಲವು ಕಾಲೇಜುಗಳಲ್ಲಿ ಆಗುವುದು ಇದರ ತಿರುಗುಮುರುಗು. ಆಗಷ್ಟೇ ಎಂ.ಟೆಕ್ ಮುಗಿಸಿ ಬಂದವರಿಗೆ ಮೊದಲ ವರ್ಷದ ಸೆಕ್ಷನ್ ಕೊಡುತ್ತಾರೆ. ಇಲ್ಲವೇ ತಮ್ಮ ಶಾಖೆಗೆ ವಿದ್ಯಾರ್ಥಿಗಳೇ ಇಲ್ಲದೆ ಕೆಲಸ ಉಳಿಸಿಕೊಳ್ಳುವ ಸಂಕಟದಲ್ಲಿರುವ ಸಿವಿಲ್, ಮೆಕ್ಯಾನಿಕಲ್ ಅಧ್ಯಾಪಕರ ವರ್ಕ್‌ಲೋಡ್ ಭರ್ತಿಗೆ ಈ ಪತ್ರಿಕೆಗಳು ಒದಗುತ್ತವೆ. 2024–25ರಿಂದ ಎಐಸಿಟಿಇ ಒಂದು ಶಾಖೆಯ ಸೀಟುಗಳ ಮೇಲಿದ್ದ ಮಿತಿಯನ್ನು ತೆಗೆದುಹಾಕಿತು. ಬೇಡಿಕೆಯಿರುವ ಕಂಪ್ಯೂಟರ್ ಶಾಖೆಗಳು ಊದಿಕೊಂಡಷ್ಟೂ ಉಳಿದ ಶಾಖೆಗಳ ಪರಿಚಯ ಕಾಟಾಚಾರವಾಗುತ್ತ ಹೋಗುತ್ತದೆ.

ಈ ಪಠ್ಯ ಮಾಡುವ ದೊಡ್ಡ ಅನ್ಯಾಯ ಇನ್ನೊಂದಿದೆ. ಬಯಲುಸೀಮೆಯ ರೈತರ ಮನೆಯಿಂದ ಬಂದ ಹುಡುಗ ಬೋರ್‌ವೆಲ್ ಸ್ಟಾರ್ಟರ್ ಬಿಚ್ಚಿ ನೋಡಿರುತ್ತಾನೆ. ಒಂದು ಫೇಸ್ ಹೋದರೆ ಮೋಟಾರ್ ಸದ್ದು ಬದಲಾಗುತ್ತದೆ, ಹಾಗೇ ಬಿಟ್ಟರೆ ಕಾಯಿಲ್ ಸುಡುತ್ತದೆ, ಕಂಡೆನ್ಸರ್ ಕಟ್ಟಿ ಎರಡೇ ಫೇಸಿನಲ್ಲಿ ಓಡಿಸುವವರಿದ್ದಾರೆ ಎಂಬುದೆಲ್ಲ ಅವನಿಗೆ ಗೊತ್ತು. ಉಳಿದೆರಡು ಫೇಸಿನ ಕರೆಂಟ್ ಯಾಕೆ ಏರುತ್ತದೆ, ಓವರ್‌ಲೋಡ್ ರಿಲೇ ಆ ಹೊತ್ತಿಗೆ ಏನು ಮಾಡಬೇಕು ಎಂದು ಅಲ್ಲಿಂದ ಪಾಠ ಶುರುವಾದರೆ ಅವನೇ ತರಗತಿಯ ಮುಂದಾಳು. ಆದರೆ ಪಾಠ ಶುರುವಾಗುವುದು ಇಂಗ್ಲಿಷಿನ ವ್ಯಾಖ್ಯೆಯಿಂದ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಅವನು ತನಗೆ ಗೊತ್ತಿರುವುದು ವಿದ್ಯೆಯೇ ಅಲ್ಲವೇನೋ ಎಂಬ ಕೀಳರಿಮೆಯಿಂದ ಹಿಂದಿನ ಬೆಂಚಿಗೆ ಸರಿಯುತ್ತಾನೆ. ಇಡೀ ಪದವಿಯನ್ನು ಕನ್ನಡದಲ್ಲಿ ಕೊಡುವ ಪ್ರಯತ್ನ 2021ರಲ್ಲಿ ನಡೆದು, ಸೇರುವವರಿಲ್ಲದೆ ಸೊರಗಿತು. ಮೊದಲ ಸೆಮಿಸ್ಟರ್‌ನ ವಿವರಣೆಯನ್ನು ಕನ್ನಡದಲ್ಲೂ ಕೊಡಲು, ವೈವಾದಲ್ಲಿ ಕನ್ನಡದ ಉತ್ತರವನ್ನು ಒಪ್ಪಲು ಯಾವ ಹೊಸ ಪದವಿಯೂ ಬೇಕಿಲ್ಲ.

ಸಾವಿರಾರು ವಿದ್ಯಾರ್ಥಿಗಳಿಗೆ ಕೈಕೆಲಸ ಕೊಡಲು ದುಡ್ಡೆಲ್ಲಿದೆ, ಜಾಗವೆಲ್ಲಿದೆ ಎಂಬ ಆಕ್ಷೇಪ ಬರುತ್ತದೆ. ಅದು ನಿಲ್ಲುವುದಿಲ್ಲ. ಸಿವಿಲ್ ವಿಭಾಗವಿರುವ ಕಾಲೇಜಿನಲ್ಲಿ ಕಾಂಕ್ರೀಟ್ ಒತ್ತಿ ಒಡೆಯುವ ಯಂತ್ರ ಈಗಾಗಲೇ ಇದೆ. ಐದಾರು ಮಂದಿಯ ತಂಡ ನೀರು–ಸಿಮೆಂಟಿನ ಪ್ರಮಾಣ ಬದಲಿಸಿ 150 ಮಿಲಿಮೀಟರ್ ಅಳತೆಯ ಕ್ಯೂಬ್‌ಗಳನ್ನು ಎರಕ ಹೊಯ್ದು, ನೀರಿನಲ್ಲಿಟ್ಟು, ಏಳನೆಯ ದಿನ ಕೆಲವು, 28ನೆಯ ದಿನ ಕೆಲವು ಒಡೆದು ನೋಡಲಿ. ಕೆಲಸ ಸಲೀಸಾಗಲೆಂದು ಗಾರೆಯವರು ಸುರಿಯುವ ಹೆಚ್ಚುವರಿ ನೀರು ಮನೆಯ ಬಲವನ್ನು ಹೇಗೆ ತಿನ್ನುತ್ತದೆ ಎಂಬುದನ್ನು ಆ ಯಂತ್ರದ ಮುಳ್ಳು ತೋರಿಸುತ್ತದೆ. ಕಂಪ್ಯೂಟರ್ ಸೈನ್ಸ್ ಹುಡುಗಿಯೊಬ್ಬಳು ಆ ಅಂಕಿಗಳ ಗ್ರಾಫ್ ಬರೆದು, ಒಂದೇ ಮಿಶ್ರಣದ ಮೂರು ಕ್ಯೂಬ್‌ಗಳು ಮೂರು ಬಗೆಯಾಗಿ ಒಡೆದದ್ದೇಕೆ ಎಂದು ತಲೆ ಕೆಡಿಸಿಕೊಂಡರೆ ದತ್ತಾಂಶದ ಮೊದಲ ಪಾಠವೂ ಅಲ್ಲೇ ಆಯಿತು. ಎಲೆಕ್ಟ್ರಿಕಲ್‌ಗೆ ಮಲ್ಟಿಮೀಟರ್ ಮತ್ತು ಹಾಸ್ಟೆಲ್ಲಿನ ಕರೆಂಟ್ ಬಿಲ್, ಮೆಕ್ಯಾನಿಕಲ್‌ಗೆ ಗುಜರಿಯಿಂದ ತಂದ ಸ್ಕೂಟರ್ ಎಂಜಿನ್ ಸಾಕು.

ಇದು ಕನಸಿನ ಮಾತಲ್ಲ. ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ (ಹಿಂದಿನ ಬಿವಿಬಿ ಕಾಲೇಜು) ಮೊದಲ ವರ್ಷದವರಿಗೆ ‘ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಷನ್’ ಎಂಬ ಕೋರ್ಸ್ ನಡೆಸಿಕೊಂಡು ಬಂದಿದೆ. ತಂಡ ಕಟ್ಟಿಕೊಂಡು, ಒಂದು ಅಗತ್ಯವನ್ನು ಗುರುತಿಸಿ, ಅದಕ್ಕೆ ಮಾದರಿ ಮಾಡಿ ತೋರಿಸುವುದೇ ಅಲ್ಲಿನ ಪಾಠ. ಹುಬ್ಬಳ್ಳಿಯಲ್ಲಿ ಸಾಧ್ಯವಾದದ್ದು ವಿಟಿಯುವಿಗೆ ಸೇರಿದ ಕಾಲೇಜುಗಳಲ್ಲಿ ಅಸಾಧ್ಯವೆಂದು ನಂಬಲು ಕಾರಣ ಕಾಣದು.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಕೈಕೆಲಸದ ಅಂಕವನ್ನು ಕಾಲೇಜಿನ ಕೈಗೆ ಕೊಟ್ಟರೆ ಎಲ್ಲರಿಗೂ ಐವತ್ತಕ್ಕೆ ನಲವತ್ತೆಂಟು ಬರುತ್ತದೆ ಎಂಬ ಭಯ. ಇಂಟರ್ನಲ್ಸ್ ಅಂಕಗಳ ಔದಾರ್ಯ ಕಂಡವರು ಇದನ್ನು ತಳ್ಳಿಹಾಕಲಾರರು. ಪರಿಹಾರ ಕಷ್ಟವಲ್ಲ. ಬೇರೆ ಕಾಲೇಜಿನ ಪರೀಕ್ಷಕರು ಬರಲಿ. ವಿದ್ಯಾರ್ಥಿ ಮಾಡಿದ್ದನ್ನು ಮುಂದಿಟ್ಟುಕೊಂಡು ಪ್ರಶ್ನಿಸಲಿ. ಒಂದು ಅಳತೆಯನ್ನು ತಮ್ಮ ಕಣ್ಣೆದುರೇ ಮತ್ತೆ ಮಾಡಿಸಲಿ. ಮಾಡಿದವನಿಗೂ ಮಾಡಿಸಿಕೊಂಡವನಿಗೂ ಇರುವ ಅಂತರ ಐದು ನಿಮಿಷದಲ್ಲಿ ಬಯಲಾಗುತ್ತದೆ.

ಹೊಣೆಗಾರರು ಯಾರೆಂಬುದೂ ದಾಖಲಾಗಬೇಕು. ಮೊದಲ ಹೊಣೆ ವಿಟಿಯುವಿನ ಪಠ್ಯ ಮಂಡಳಿಗಳದ್ದು. 2010, 2015, 2018, 2021, 2022 ಎಂದು ಸ್ಕೀಮ್‌ಗಳು ಬದಲಾದವು. ಈಗ 2025ರದ್ದೂ ಬಂದಿದೆ. ಪತ್ರಿಕೆಯ ಹೆಸರು, ಕೋಡ್, ಕ್ರೆಡಿಟ್ ಬದಲಾಗುತ್ತವೆ. ಕೇಳಿ, ಬರೆದು, ಬಾಯಿಪಾಠ ಮಾಡುವ ಕ್ರಮ ಬದಲಾಗದು. ಎರಡನೆಯ ಹೊಣೆ ಎಐಸಿಟಿಇಯದ್ದು: ಮಾದರಿ ಪಠ್ಯಕ್ರಮ ಪ್ರಕಟಿಸಿ ಕೈತೊಳೆದುಕೊಂಡಿತು, ಅದನ್ನು ಕೈಬಿಟ್ಟವರನ್ನು ಕೇಳಲಿಲ್ಲ. ಮೂರನೆಯದು ರಾಷ್ಟ್ರೀಯ ಮಾನ್ಯತಾ ಮಂಡಳಿಯದ್ದು. ಈ ಮಂಡಳಿಯ ಮೂಲಕ ಭಾರತ 2014ರಲ್ಲಿ ಎಂಜಿನಿಯರಿಂಗ್ ಪದವಿಗಳ ಪರಸ್ಪರ ಮನ್ನಣೆಯ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯನಾದಾಗ, ವಿದ್ಯಾರ್ಥಿ ಏನನ್ನು ಮಾಡಬಲ್ಲ ಎಂಬುದೇ ಶಿಕ್ಷಣದ ಅಳತೆಗೋಲು ಎಂದು ಒಪ್ಪಿಕೊಂಡಿತ್ತು. ಅದರ ಹೆಸರಿನಲ್ಲಿ ಅಧ್ಯಾಪಕರು ಇಂದು ಕೋರ್ಸಿನ ಕಲಿಕಾ ಫಲಿತಗಳನ್ನು ಪದವಿಯ ಫಲಿತಗಳಿಗೆ ಹೊಂದಿಸುವ ಸಿಒ–ಪಿಒ ಮ್ಯಾಪಿಂಗ್‌ನ ಚೌಕಗಳಿಗೆ ಒಂದು, ಎರಡು, ಮೂರು ಎಂದು ತುಂಬುತ್ತ ಕುಳಿತಿದ್ದಾರೆ. ಕೊನೆಯ ಹೊಣೆ ಆಡಳಿತ ಮಂಡಳಿಗಳದ್ದು. ಪ್ರಾಸ್ಪೆಕ್ಟಸ್‌ನಲ್ಲಿ ಪ್ರಯೋಗಾಲಯದ ಚಿತ್ರ ಅಚ್ಚಾಗುತ್ತದೆ; ಮೊದಲ ವರ್ಷದವರಿಗೆ ಅದರ ಬೀಗ ತೆರೆಯುವುದಿಲ್ಲ.

ಆದ್ದರಿಂದ ಬೇಡಿಕೆ ಸ್ಪಷ್ಟ. ಮುಂದಿನ ಪ್ರವೇಶಕ್ಕೆ ಮುನ್ನ ವಿಟಿಯು ಪರಿಚಯ ಪತ್ರಿಕೆಗಳ ಮೂರು ಗಂಟೆಯ ಥಿಯರಿ ಪರೀಕ್ಷೆಯನ್ನು ರದ್ದುಪಡಿಸಬೇಕು. ಇರುವ ನಲವತ್ತು ಗಂಟೆಯಲ್ಲಿ ಮೂರರಲ್ಲೆರಡು ಪಾಲನ್ನು ಮಾಡುವ, ಬಿಚ್ಚುವ, ಅಳೆಯುವ ಕೆಲಸಕ್ಕೆ ಕಡ್ಡಾಯವಾಗಿ ಮೀಸಲಿಡಬೇಕು. ಪ್ರತಿ ವಿಭಾಗದ ಒಬ್ಬ ಹಿರಿಯ ಪ್ರಾಧ್ಯಾಪಕರಾದರೂ ಮೊದಲ ವರ್ಷಕ್ಕೆ ಕಲಿಸಲೇಬೇಕೆಂದು ನಿಯಮ ಮಾಡಬೇಕು. ಇದಾವುದೂ ಆಗದೆಂದಾದರೆ ಈ ಪತ್ರಿಕೆಗಳನ್ನು ಪೂರ್ತಿ ಕೈಬಿಟ್ಟು, ಅವುಗಳ ಗಂಟೆಗಳನ್ನು ಗಣಿತಕ್ಕೆ ಒಪ್ಪಿಸಲಿ. ಕನಿಷ್ಠ ಅದನ್ನು ಕಪ್ಪುಹಲಗೆಯ ಮೇಲೆ ಪ್ರಾಮಾಣಿಕವಾಗಿ ಕಲಿಸಬಹುದು.