ನಮ್ಮ ಮನೆ ಚಿಕ್ಕದು

ಅತಿಥಿ ಅಂದರೆ ದೇವರು ಅಂತ ಯಾರಾದರೂ ಎದೆಯುಬ್ಬಿಸಿ ಹೇಳಿದಾಗಲೆಲ್ಲ ನನಗೆ ಒಂದು ಬಾಣಲೆ ನೆನಪಾಗುತ್ತದೆ. ಹೋದ ವಾರ ಆಫೀಸಿನ ಕ್ಯಾಂಟೀನಿನಲ್ಲೂ ಹಾಗೇ ಆಯಿತು. ಎರಡು ವರ್ಷ ಹೊರದೇಶದಲ್ಲಿದ್ದು ವಾಪಸು ಬಂದ ಸಹೋದ್ಯೋಗಿಯೊಬ್ಬರು, ‘ಅಲ್ಲಿ ಜನ ಒಳ್ಳೆಯವರೇ ಕಣ್ರೀ, ಆದ್ರೆ ಮನೆ-ಮಕ್ಳು ಅನ್ನೋ ಸೆಂಟಿಮೆಂಟ್ ಇಲ್ಲ. ಫ್ಯಾಮಿಲಿ ಅಂದ್ರೆ ನಮ್ಮದೇ’ ಅಂದರು. ಸುತ್ತ ಕೂತಿದ್ದವರೆಲ್ಲ ತಲೆಯಾಡಿಸಿದರು. ಜಗಳ ಯಾಕೆ ಅಂತ ನಾನೂ ಆಡಿಸಿದೆ. ಅವತ್ತು ನುಂಗಿದ ಮಾತನ್ನು ಇಲ್ಲಿ ಆಡುತ್ತಿದ್ದೇನೆ.

ಹತ್ತನೇ ಕ್ಲಾಸ್ ಮುಗಿಸಿ, ‘ಒಂದು ವರ್ಷ ವೇಸ್ಟ್’ ಅಂತ ನೆಂಟರೆಲ್ಲ ಬೈಯುತ್ತಿದ್ದರೂ, ವಿದ್ಯಾರ್ಥಿ ವಿನಿಮಯದಲ್ಲಿ ಹತ್ತು ತಿಂಗಳು ಜರ್ಮನಿಗೆ ಹೋಗಿದ್ದೆ. ಊರು ಮ್ಯೂನ್‌ಸ್ಟರ್. ಹಳೇ ಕೋಟೆಗೋಡೆ ಇದ್ದ ಜಾಗದಲ್ಲಿ ಊರಿನ ಸುತ್ತ ಮರಗಳ ದಾರಿ, ಆ ದಾರಿ ತುಂಬ ಸೈಕಲ್ಲು. ಮಳೆಯಂತೂ ಕೇಳಬೇಡಿ. ಇಲ್ಲಿ ಒಂದೋ ಮಳೆ ಹೊಯ್ಯುತ್ತಿರುತ್ತೆ, ಇಲ್ಲಾ ಚರ್ಚಿನ ಗಂಟೆ ಹೊಡೀತಿರುತ್ತೆ, ಎರಡೂ ಒಟ್ಟಿಗೆ ಆದರೆ ಅವತ್ತು ಭಾನುವಾರ ಅಂತ ಅಲ್ಲಿಯವರೇ ತಮಾಷೆ ಮಾಡಿಕೊಳ್ಳುತ್ತಾರೆ.

ನಾನಿದ್ದ ಮನೆಯಲ್ಲಿ ಗಂಡ, ಹೆಂಡತಿ, ಹದಿನೈದು ವರ್ಷದ ಮಗಳು, ಹತ್ತು ವರ್ಷದ ಮಗ. ಹೆಸರು ಹಿಡಿದು ಕರಿ ಅಂದರು ಆ ತಾಯಿ. ಅಮ್ಮನ ವಯಸ್ಸಿನವರನ್ನು ಹೆಸರು ಹಿಡಿದು ಕರೆಯಲು ನಾಲಿಗೆ ಏಳಬೇಕಲ್ಲ! ‘ಟಾಂಟೆ’ ಅಂದೆ. ಅವರ ಭಾಷೆಯಲ್ಲಿ ಅತ್ತೆ, ಚಿಕ್ಕಮ್ಮ ಎಲ್ಲದಕ್ಕೂ ಅದೊಂದೇ ಪದ. ನಕ್ಕು ಒಪ್ಪಿಕೊಂಡರು. ಮಗಳು ತನ್ನ ರೂಮನ್ನು ನನಗೆ ಬಿಟ್ಟು, ಅಪ್ಪನ ಕೆಲಸದ ಕೋಣೆಯಲ್ಲಿ ಪ್ರಿಂಟರ್ ಪಕ್ಕದ ಸೋಫಾ ಮೇಲೆ ಹತ್ತು ತಿಂಗಳು ಮಲಗಿದಳು. ಇದಕ್ಕೆಲ್ಲ ಆ ಮನೆಗೆ ಒಂದು ಪೈಸೆ ಸಿಗಲಿಲ್ಲ. ವಯಸ್ಸಿಗೆ ಬಂದ ಮಗಳಿರುವ ಮನೆಗೆ ಗುರುತು ಪರಿಚಯ ಇಲ್ಲದ ಹುಡುಗನನ್ನು ಬಿಟ್ಟುಕೊಂಡರು ಅನ್ನುವುದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಹ್ಯಾಮ್, ಸಾಸೇಜ್ ಇಲ್ಲದೆ ಬೆಳಗಾಗದ ಮನೆ ಅದು. ಮೂರನೇ ದಿನ ನಾನು ಒಲೆ ಮುಂದೆ ನಿಂತು, ಬಾಣಲೆಯನ್ನು ಮೂಗಿನ ಹತ್ತಿರ ತಂದು ಮೂಸುತ್ತಿದ್ದದ್ದನ್ನು ಟಾಂಟೆ ನೋಡಿದರು. ಏನೂ ಅನ್ನಲಿಲ್ಲ. ಸಂಜೆ ಹೊಸ ಬಾಣಲೆ ಬಂತು. ಹಿಡಿಗೆ ಹಸಿರು ಟೇಪ್ ಸುತ್ತಿ, ಇದರಲ್ಲಿ ಯಾರೂ ಮಾಂಸ ಬೇಯಿಸಬಾರದು ಅಂತ ಮನೆಯವರಿಗೆಲ್ಲ ಹೇಳಿದರು. ಹತ್ತು ತಿಂಗಳಲ್ಲಿ ಯಾರೂ ಬೇಯಿಸಲಿಲ್ಲ. ಮೂಸಿದ್ದು ನೆನೆದರೆ ನನಗೆ ಈಗಲೂ ಮುಖ ಬಿಸಿಯಾಗುತ್ತದೆ.

ಜರ್ಮನ್ನರೆಲ್ಲ ದೇವತೆಗಳು ಅಂತ ಪ್ರವಚನ ಮಾಡಲು ಹೊರಟಿಲ್ಲ. ಪಕ್ಕದ ಮನೆಯ ಅಜ್ಜಿ ಹತ್ತು ತಿಂಗಳಲ್ಲಿ ಒಂದು ದಿನವೂ ನನ್ನ ನಮಸ್ಕಾರಕ್ಕೆ ಉತ್ತರ ಕೊಡಲಿಲ್ಲ. ಅದೇ ಊರಿನ ಲಾಂಬೆರ್ಟಿ ಚರ್ಚಿನ ಗೋಪುರದಲ್ಲಿ ಮೂರು ಕಬ್ಬಿಣದ ಪಂಜರಗಳು ಇವತ್ತಿಗೂ ನೇತಾಡುತ್ತಿವೆ. 1536ರಲ್ಲಿ ಬೇರೆ ನಂಬಿಕೆಯ ಮೂವರನ್ನು ಹಿಂಸಿಸಿ ಕೊಂದು, ಹೆಣಗಳನ್ನು ಊರೆಲ್ಲ ನೋಡಲಿ ಅಂತ ತೂಗುಹಾಕಿದ ಪಂಜರಗಳು. ಹಿಟ್ಲರನ ಕಾಲದ್ದು ಗೊತ್ತೇ ಇದೆ. ಪರರನ್ನು ಮನೆಗೆ ಸೇರಿಸುವ ಗುಣ ಅವರ ರಕ್ತದಲ್ಲೇನೂ ಹರಿದು ಬಂದಿರಲಿಲ್ಲ. ಕಲಿತರು, ಅಷ್ಟೇ.

ಹೇಗೆ ಕಲಿತರು ನೋಡಿ. ಯುದ್ಧದಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದ ಅಮೆರಿಕನ್ ಫೀಲ್ಡ್ ಸರ್ವಿಸ್‌ನವರು 1947ರಲ್ಲಿ ಶಾಲಾಮಕ್ಕಳ ವಿನಿಮಯ ಶುರು ಮಾಡಿದರು. 1951ರಲ್ಲಿ ಜರ್ಮನಿಯ ಹದಿಹರೆಯದವರು ಅಮೆರಿಕದ ಮಿಶಿಗನ್‌ಗೆ ಹೋಗಿ ಅಲ್ಲಿನ ಮನೆಗಳಲ್ಲಿ ಉಳಿದರು. ಯುದ್ಧ ಮುಗಿದು ಆರೇ ವರ್ಷ! ಮ್ಯೂನ್‌ಸ್ಟರಿನ ಹಳೇ ಪೇಟೆಯ ಬಹುಪಾಲನ್ನು ಬಾಂಬು ಹಾಕಿ ಸುಟ್ಟ ಕಡೆಯವರು, ಸುಟ್ಟವರ ಮಕ್ಕಳು, ಸತ್ತವರ ಮಕ್ಕಳು, ಒಂದೇ ಟೇಬಲ್ಲಿನಲ್ಲಿ ಕೂತು ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡರು. ತಲೆಮಾರುಗಳಿಂದ ಕಾದಾಡಿದ ಫ್ರಾನ್ಸ್ ಮತ್ತು ಜರ್ಮನಿ 1963ರಲ್ಲಿ ಒಪ್ಪಂದ ಮಾಡಿಕೊಂಡು ಮಕ್ಕಳನ್ನು ಅತ್ತಿಂದಿತ್ತ ಕಳಿಸಲು ಒಂದು ಕಚೇರಿಯನ್ನೇ ತೆರೆದವು. ಇಷ್ಟೆಲ್ಲ ಆಗುವಾಗ ‘ಮನೆ ಚಿಕ್ಕದು’ ಅನ್ನುವ ನೆಪ ಅವರಿಗೂ ಸಿಗುತ್ತಿತ್ತು.

ಆ ನೆಪದ ವಿಷಯಕ್ಕೇ ಬರುತ್ತೇನೆ.

2009ರ ಜುಲೈ, ಶನಿವಾರ, ನನ್ನ ಕೊನೆಯ ದಿನ. ಶನಿವಾರ ಅಂದರೆ ಕತೀಡ್ರಲ್ ಮುಂದಿನ ಚೌಕದಲ್ಲಿ ಸಂತೆ. ಪ್ರತಿ ವಾರದಂತೆ ಟಾಂಟೆ ಜೊತೆ ಸೈಕಲ್ಲಿನಲ್ಲಿ ಹೋಗಿ ಆಲೂಗಡ್ಡೆ, ಚೀಸು, ಸ್ಟ್ರಾಬೆರಿ ತಂದೆವು. ಕೊನೆಯ ದಿನ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮನೆ ಯಜಮಾನರು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವತ್ತು ನಾನು ಓಡಿಸುತ್ತಿದ್ದ ಸೈಕಲ್ಲಿನ ಚೈನಿಗೆ ಎಣ್ಣೆ ಹಾಕಿ, ಒರೆಸಿ, ಸೆಲ್ಲಾರಿಗೆ ಇಳಿಸಿದರು. ‘ಮಾರಲ್ಲ. ಇಲ್ಲೇ ಇರುತ್ತೆ’ ಅಂದರು. ಚಿಕ್ಕ ಹುಡುಗ ಮಾತ್ರ ಬೆಳಗಿಂದ ನನ್ನ ಸೂಟ್‌ಕೇಸ್ ಮೇಲೆ ಕೂತು ಏಳಲೇ ಇಲ್ಲ.

ಹಿಂದಿನ ರಾತ್ರಿ ಮನೆಯಿಂದ ಫೋನ್ ಬಂದಿತ್ತು. ಆ ಮನೆಯ ಮಗಳು ಮರುವರ್ಷದ ವಿನಿಮಯಕ್ಕೆ ಅರ್ಜಿ ಹಾಕಿ, ಮೊದಲ ಆಯ್ಕೆ ಅಂತ ಇಂಡಿಯಾ ಬರೆದಿದ್ದಳು. ನಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೀರಾ ಅಂತ ಸಂಸ್ಥೆಯವರು ಅಪ್ಪನನ್ನು ಕೇಳಿದ್ದರು. ‘ಆಗಲ್ಲಪ್ಪಾ. ದನ ತಿನ್ನೋ ಮಂದಿ. ಅಜ್ಜಿ ಮಡಿ ಮಾಡ್ತಾರೆ. ಅಕ್ಕಪಕ್ಕದವ್ರಿಗೆ ಏನಂತ ಹೇಳೋದು? ಮನೆ ಪೇಂಟಿಂಗ್ ನಡೀತಿದೆ ಅಂತ ಏನಾದ್ರೂ ಹೇಳಿಬಿಡು’ ಅಂದರು. ಒಂದು ವರ್ಷ ಪೂರ್ತಿ ನಡೆಯುವ ಪೇಂಟಿಂಗ್!

ಮಧ್ಯಾಹ್ನ ಅಡುಗೆಮನೆಯಲ್ಲಿ ಟಾಂಟೆ ಆ ಬಾಣಲೆಯನ್ನು ಪೇಪರಿನಲ್ಲಿ ಸುತ್ತುತ್ತಿದ್ದರು, ನಾನು ತೆಗೆದುಕೊಂಡು ಹೋಗಲಿ ಅಂತ. ಸುತ್ತುತ್ತಲೇ ಕೇಳಿದರು: ‘ಇವಳು ನಿಮ್ಮ ಮನೆಗೆ ಬಂದರೆ ಎಲ್ಲಿ ಮಲಗುತ್ತಾಳೆ? ಕಿಟಕಿ ಇರುತ್ತಾ?’

‘ನಮ್ಮ ಮನೆ ಚಿಕ್ಕದು’ ಅಂದೆ.

ಅವರು ಒಮ್ಮೆ ಅಡುಗೆಮನೆಯನ್ನು ಸುತ್ತ ನೋಡಿದರು. ‘ನಮ್ಮದೂ ಚಿಕ್ಕದೇ’ ಅಂದರು. ಸಿಟ್ಟಿನಿಂದಲ್ಲ, ಸಮಾಧಾನ ಮಾಡುವ ಹಾಗೆ. ನನಗೆ ಮನೆಯ ಬಗ್ಗೆ ಸಂಕೋಚ ಅಂದುಕೊಂಡಿರಬೇಕು. ಬಾಗಿಲಲ್ಲಿ ಆ ಹುಡುಗಿ ತನ್ನ ದಿಂಬು ಹಿಡಿದು ನಿಂತಿದ್ದಳು. ಅವಳ ರೂಮನ್ನು ನಾನು ಆಗಷ್ಟೇ ಖಾಲಿ ಮಾಡಿದ್ದೆ.

ರಾಜಾಜಿನಗರದ ನಮ್ಮ ಮನೆಯಲ್ಲಿ ಕೆಳಗೆ ಮೂರು ರೂಮು, ಮೇಲೆ ಬಾಡಿಗೆ ಮನೆ. ಮೂರರಲ್ಲಿ ಒಂದರ ತುಂಬ ಹಳೇ ಸೂಟ್‌ಕೇಸುಗಳು, ಮದುವೆಗೆ ಬಂದ ಸ್ಟೀಲ್ ಪಾತ್ರೆಗಳು. ಅವಕ್ಕೆ ಕಿಟಕಿಯೂ ಇತ್ತು.

ಆ ಹುಡುಗಿ ಬ್ರೆಜಿಲ್‌ಗೆ ಹೋದಳು. ಅಪ್ಪ ಗೆದ್ದರು. ಆದರೆ ಎರಡು ವರ್ಷದ ಮೇಲೆ ಒಂದು ದಿನ, ಹೂಬತ್ತಿ ಹೊಸೆಯುತ್ತ ಕೂತಿದ್ದ ಅಜ್ಜಿ ಕೇಳಿದರು: ‘ಆ ಹುಡುಗಿ ಬರ್ತಾಳೆ ಅಂದಿದ್ದೆ, ಬರಲೇ ಇಲ್ವಲ್ಲೋ?’ ಅಜ್ಜಿಯನ್ನು ಯಾರೂ ಕೇಳಿಯೇ ಇರಲಿಲ್ಲ! ನಮ್ಮ ಮನೆಗಳಲ್ಲಿ ಜಾತಿಗೆ ಅಜ್ಜಿಯ ಹೆಸರಿಟ್ಟುಕೊಂಡಿರುತ್ತೇವೆ. ಬೇಡ ಅನ್ನುವವರು ಪ್ಯಾಂಟ್ ಹಾಕಿಕೊಂಡು ಸೋಫಾ ಮೇಲೆ ಕೂತಿರುತ್ತಾರೆ.

ನಮ್ಮಲ್ಲೂ ವಾರಾನ್ನ ಇತ್ತಲ್ಲ ಸ್ವಾಮಿ, ಅನ್ನುತ್ತೀರಿ. ಇತ್ತು. ವಾರಕ್ಕೆ ಏಳು ಮನೆಯಲ್ಲಿ ಉಂಡು ಓದಿ ದೊಡ್ಡವರಾದವರು ಎಷ್ಟೋ ಜನ. ಆದರೆ ಎಲೆ ಹಾಕುವ ಮೊದಲು ಯಾರ ಪೈಕಿ ಅಂತ ಕೇಳುತ್ತಿದ್ದರೋ ಇಲ್ಲವೋ, ನೀವೇ ಹೇಳಿ. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಜಾತಿಭೇದವಿಲ್ಲದೆ ಉಣ್ಣುತ್ತಾರೆ, ಅದಕ್ಕೆ ಕೈ ಮುಗಿಯೋಣ. ಅದು ಮಠ. ನಾನು ಕೇಳುತ್ತಿರುವುದು ಮನೆ. ಟು-ಲೆಟ್ ಬೋರ್ಡಿನ ಮೇಲೇ ‘ವೆಜಿಟೇರಿಯನ್ಸ್ ಓನ್ಲಿ’ ಅಂತ ಬರೆಸುವ ಮನೆ. ಫೋನಿನಲ್ಲಿ ಹೆಸರು ಕೇಳಿದ ಕೂಡಲೇ ‘ಈಗ ತಾನೇ ಬೇರೆಯವರಿಗೆ ಕೊಟ್ಟುಬಿಟ್ವಿ’ ಅನ್ನುವ ಮನೆ. ದುಡ್ಡು ಕೊಡುತ್ತೇವೆ ಅಂದವರನ್ನೇ ಮಹಡಿ ಹತ್ತಿಸದವರು ನಾವು. ಬಿಟ್ಟಿ ಊಟ ಹಾಕಿ ಮಗಳ ರೂಮು ಬಿಟ್ಟುಕೊಡುತ್ತೇವೆಯೇ? ನಮ್ಮ ದೇವರು ಮದುವೆ ಮನೆಯ ಅತಿಥಿ ಮಾತ್ರ. ಹೋಳಿಗೆ ತಿಂದು, ತಾಂಬೂಲ ಇಸಿದುಕೊಂಡು, ಸಂಜೆಯೊಳಗೆ ಹೊರಡಬೇಕು.

‘ಅದೆಲ್ಲ ಅಪ್ಪ-ಅಮ್ಮನ ಕಾಲದ್ದು’ ಅನ್ನುವ ಗೆಳೆಯರಿಗೆ ಒಂದು ಮಾತು. ಈಗ ಮನೆಯ ಇಎಂಐ ಕಟ್ಟುತ್ತಿರುವವರು ನಾವು. ನನ್ನ ಫ್ಲ್ಯಾಟಿನಲ್ಲೂ ಒಂದು ಗೆಸ್ಟ್ ರೂಮ್ ಇದೆ. ಬಿಲ್ಡರ್ ಕೊಟ್ಟ ನಕ್ಷೆಯಲ್ಲಿ ಹಾಗಂತ ಬರೆದಿದೆ. ಅದರೊಳಗೆ ಟ್ರೆಡ್‌ಮಿಲ್, ಅದರ ಮೇಲೆ ಒಣಗಲು ಹಾಕಿದ ಬಟ್ಟೆ. ನಾಲ್ಕು ವರ್ಷದಲ್ಲಿ ಒಂದು ರಾತ್ರಿಯೂ ಅಲ್ಲಿ ಹೊರಗಿನವರು ಮಲಗಿಲ್ಲ. ಅಪ್ಪನನ್ನು ಬೈಯುವುದು ಸುಲಭವಾಗಿತ್ತು.

ವಿನಿಮಯ ಸಂಸ್ಥೆಯ ಫಾರಂ ತರಿಸಿಕೊಂಡು ಒಂದು ತಿಂಗಳಾಯಿತು. ಮನೆಯವರೆಲ್ಲರ ಸಹಿ ಬೇಕಂತೆ. ಹೆಂಡತಿ ಹಾಕಿದಳು. ಈಗ ನಮ್ಮ ಜೊತೆಗೇ ಇರುವ ಅಮ್ಮ ಮೂರು ಸಲ ಓದಿ, ಕನ್ನಡಕ ತೆಗೆದು, ‘ಏನು ತಿಂತಾರಂತೆ?’ ಅಂದರು. ಅಡುಗೆಮನೆಯಿಂದ ಬಾಣಲೆ ತಂದು ಟೇಬಲ್ ಮೇಲಿಟ್ಟೆ. ಹಸಿರು ಟೇಪು ಅರ್ಧ ಕಿತ್ತುಹೋಗಿದೆ. ಅಮ್ಮ ಇನ್ನೂ ಸಹಿ ಹಾಕಿಲ್ಲ. ಈ ಭಾನುವಾರ ಟ್ರೆಡ್‌ಮಿಲ್ ಹೊರಗೆ ಹಾಕುತ್ತಿದ್ದೇನೆ, ಯಾರಿಗಾದರೂ ಬೇಕಿದ್ದರೆ ಹೇಳಿ.